ಐದು ಸ್ವರದ ಬ್ಯೂಗಲ್ಲಿನಿಂದ ಕ್ರೀಡಾಂಗಣದವರೆಗೆ: ಅಮೆರಿಕದ ಯುವ ಡ್ರಮ್-ಬ್ಯೂಗಲ್ ಪಡೆಗಳು ಮತ್ತು ಅವುಗಳ ನೆನಪು

ಅಮೆರಿಕದಲ್ಲಿ ಡ್ರಮ್ ಅಂಡ್ ಬ್ಯೂಗಲ್ ಕೋರ್ ಎಂದು ಕರೆಯಲಾಗುವ ಯುವ ಸಂಗೀತಪಡೆಯು ಚರ್ಮವಾದ್ಯ, ಹಿತ್ತಾಳೆಯ ಊದುವಾದ್ಯ ಮತ್ತು ಬಾವುಟಧಾರಿಗಳ ಸಾಲು ಎಂಬ ಮೂರು ಅಂಗಗಳಿಂದ ಕಟ್ಟಿದ್ದು. ಕ್ಲಾರಿನೆಟ್, ಸ್ಯಾಕ್ಸೊಫೋನ್, ಕೊಳಲುಗಳಿಗೆ ಅಲ್ಲಿ ಸ್ಥಾನವಿಲ್ಲ, ಕುರ್ಚಿಗಂತೂ ಇಲ್ಲವೇ ಇಲ್ಲ. ಫುಟ್ಬಾಲ್ ಮೈದಾನದಲ್ಲಿ ಐದೈದು ಗಜಕ್ಕೆ ಎಳೆದ ಬಿಳಿಗೆರೆಗಳ ನಡುವೆ ನೂರಕ್ಕೂ ಹೆಚ್ಚು ಮಂದಿ ಒಂದೇ ಅಳತೆಯ ಹೆಜ್ಜೆ ಹಾಕುತ್ತ, ಸಾಲು, ವೃತ್ತ, ಕರ್ಣರೇಖೆಗಳನ್ನು ಕಟ್ಟುತ್ತ ಕೆಡವುತ್ತ, ಅದೇ ಹೊತ್ತಿನಲ್ಲಿ ಸಂಗೀತವನ್ನೂ ನುಡಿಸಬೇಕಾದ ಈ ಕಲೆ, ಹೊರನೋಟಕ್ಕೆ ಶಾಲಾ ಕಾಲೇಜುಗಳ ಮಾರ್ಚಿಂಗ್ ಬ್ಯಾಂಡನ್ನು ಹೋಲಿದರೂ ಯಾವ ಶಾಲೆಗೂ ಸೇರಿದ್ದಲ್ಲ. ಅದು ಸ್ವತಂತ್ರ ಸಂಸ್ಥೆ. ಹುಡುಗ ಹುಡುಗಿಯರು ತಾವಾಗಿಯೇ ಬಂದು ಸೇರುತ್ತಾರೆ, ಬೇಸಿಗೆಗಳನ್ನು ಅದಕ್ಕೆ ಒಪ್ಪಿಸುತ್ತಾರೆ, 21ರ ವಯೋಮಿತಿ ಮುಟ್ಟಿದ ವರ್ಷ ಕಡ್ಡಾಯವಾಗಿ ಹೊರಬೀಳುತ್ತಾರೆ. ಹೀಗೆ ಹೊರಬಿದ್ದವರ ನೆನಪುಗಳು ಅಮೆರಿಕದಲ್ಲಿ ಒಂದು ಪುಟ್ಟ ಸ್ಮೃತಿಸಾಹಿತ್ಯವಾಗಿಯೇ ಬೆಳೆದಿವೆ. ಅವುಗಳಲ್ಲಿ ಗೆದ್ದ ಪದಕಗಳಿಗೆ ಸಿಗುವ ಜಾಗ ಕಡಿಮೆ. ಬೂಟಿಗೆ ಹಾಕಿದ ಪಾಲಿಶ್, ಬಸ್ಸಿನ ರಾತ್ರಿಗಳು, ಹೆಗಲನ್ನು ಒತ್ತುವ ಡ್ರಮ್ಮಿನ ಪಟ್ಟಿ, ಚರ್ಚಿನ ನೆಲಮಾಳಿಗೆಯ ಅಭ್ಯಾಸಗಳಿಗೆ ಸಿಗುವ ಜಾಗ ಹೆಚ್ಚು. ಆ ನೆನಪುಗಳನ್ನು ಪಡೆಗಳ ಇತಿಹಾಸದ ಪಕ್ಕದಲ್ಲಿಟ್ಟು ಓದಿದರೆ, ಬೀದಿಯ ಮಕ್ಕಳಿಗಾಗಿ ಹುಟ್ಟಿದ ಒಂದು ಕಲೆ ಕೌಶಲದಲ್ಲಿ ಮೇಲೇರುತ್ತ ಹೋದಂತೆ ತನ್ನನ್ನು ಸಾಕಿದ ಬೀದಿಯಿಂದಲೇ ದೂರವಾದ ಬಗೆ ತಿಳಿದುಬರುತ್ತದೆ.

ಡ್ರಮ್ಮು ಮತ್ತು ಬ್ಯೂಗಲ್ಲು ಮೂಲತಃ ಸಂಗೀತದ ಸಾಧನಗಳಿಗಿಂತ ಹೆಚ್ಚಾಗಿ ಸೈನ್ಯದ ಸಂಕೇತ ಸಾಧನಗಳಾಗಿದ್ದವು. ಏಳು, ಉಣ್ಣು, ಮುನ್ನುಗ್ಗು, ಹಿಂದೆ ಸರಿ ಎಂಬ ಆಜ್ಞೆಗಳನ್ನು ಸದ್ದಿನ ನಡುವೆಯೂ ಕೇಳುವಂತೆ ಸಾರುವುದು ಅವುಗಳ ಕೆಲಸ. ದೂರವಾಣಿ ಮತ್ತು ರೇಡಿಯೊ ಆ ಕೆಲಸವನ್ನು ಕೈಗೆತ್ತಿಕೊಂಡಂತೆ, ಮೊದಲ ಮಹಾಯುದ್ಧ ಮುಗಿದ 1918ರ ಹೊತ್ತಿಗೆ ಅಮೆರಿಕದ ಸೈನ್ಯದಲ್ಲಿ ಬ್ಯೂಗಲ್ಲು ಡ್ರಮ್ಮುಗಳು ಮಿಕ್ಕಿಹೋದವು, ಅವುಗಳನ್ನು ನುಡಿಸಬಲ್ಲವರು ಸಮವಸ್ತ್ರ ಕಳಚಿ ಊರಿಗೆ ಮರಳಿದರು. 1919ರಲ್ಲಿ ಸ್ಥಾಪನೆಯಾದ ಅಮೆರಿಕನ್ ಲೀಜನ್ ಮತ್ತು ಅದಕ್ಕಿಂತ ಹಳೆಯದಾದ ವೆಟರನ್ಸ್ ಆಫ್ ಫಾರಿನ್ ವಾರ್ಸ್ ಎಂಬ ಮಾಜಿ ಸೈನಿಕರ ಸಂಘಗಳು ಈ ವಾದ್ಯಗಳಿಗೂ ವಾದಕರಿಗೂ ಆಸರೆಯಾದವು. ಪೋಸ್ಟ್ ಎಂದು ಕರೆಯಲಾಗುವ ಅವುಗಳ ಸ್ಥಳೀಯ ಶಾಖೆಗಳು ಮೆರವಣಿಗೆಗಾಗಿ ಪಡೆಗಳನ್ನು ಕಟ್ಟಿದವು. 1921ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಸೇರಿದ ಲೀಜನ್‌ನ ರಾಷ್ಟ್ರೀಯ ಸಮಾವೇಶದಲ್ಲಿ ಪಡೆಗಳ ಸ್ಪರ್ಧೆಯೂ ನಡೆಯಿತು. ಮೊದಲು ಹೆಜ್ಜೆ ಹಾಕಿದವರು ಮಾಜಿ ಸೈನಿಕರೇ. ಅವರು ತಮ್ಮ ಮಕ್ಕಳನ್ನೂ ನೆರೆಹೊರೆಯ ಹುಡುಗರನ್ನೂ ಕರೆತಂದು ಕಲಿಸತೊಡಗಿದ ಮೇಲೆ ಜೂನಿಯರ್ ಪಡೆಗಳು ಹುಟ್ಟಿಕೊಂಡವು.

ಬ್ಯೂಗಲ್ಲಿನ ಸಾಮರ್ಥ್ಯ ಎಷ್ಟು ಕಿರಿದೆಂಬುದನ್ನು ತಿಳಿಯದೆ ಈ ಹುಡುಗರು ಸಾಧಿಸಿದ್ದರ ಅಳತೆ ಸಿಗುವುದಿಲ್ಲ. ಸರಳ ಬ್ಯೂಗಲ್ಲಿಗೆ ರಂಧ್ರಗಳಿಲ್ಲ, ಕವಾಟಗಳಿಲ್ಲ; ತುಟಿಯ ಬಿಗುವನ್ನೂ ಉಸಿರಿನ ಒತ್ತಡವನ್ನೂ ಬದಲಿಸಿ ಒಂದೇ ಕೊಳವೆಯಿಂದ ಅದರ ಸಹಜ ಅನುಸ್ವರಗಳನ್ನು ಮಾತ್ರ ಹೊರಡಿಸಬಹುದು. ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ, ಕೊಳವೆಯ ಆಧಾರಸ್ವರವನ್ನು ಷಡ್ಜವೆಂದು ಹಿಡಿದರೆ, ಬಳಕೆಗೆ ದಕ್ಕುವುದು ಷಡ್ಜ, ಪಂಚಮ, ತಾರಷಡ್ಜ, ಅದರ ಮೇಲಿನ ಅಂತರಗಾಂಧಾರ ಮತ್ತು ಪಂಚಮ ಎಂಬ ಐದು ಸ್ವರಸ್ಥಾನಗಳು ಮಾತ್ರ. ಸ್ವಾತಂತ್ರ್ಯ ದಿನದ ಬೆಳಗ್ಗೆ ಕರ್ನಾಟಕದ ಶಾಲೆಗಳ ಬ್ಯಾಂಡ್‌ಸೆಟ್ ಕೇಳಿ ಬೆಳೆದವರಿಗೆ ಈ ಐದು ಸ್ವರಗಳ ಕೂಗು ಹೊಸದಲ್ಲ, ಏಕೆಂದರೆ ಸೈಡ್ ಡ್ರಮ್ಮು, ಬಾಸ್ ಡ್ರಮ್ಮು, ಬ್ಯೂಗಲ್ಲುಗಳ ಆ ಕೂಟವೂ ಬ್ರಿಟಿಷ್ ಸೈನ್ಯದ ಪದ್ಧತಿಯಿಂದಲೇ ಇಳಿದು ಬಂದದ್ದು. ಇಲ್ಲಿ ಅದು ಬಹುಮಟ್ಟಿಗೆ ಧ್ವಜವಂದನೆ ಮತ್ತು ಪಥಸಂಚಲನದ ಮರ್ಯಾದೆಯೊಳಗೇ ಉಳಿಯಿತು, ಅಮೆರಿಕದಲ್ಲಿ ಸ್ಪರ್ಧೆಯ ಬಿಸಿಗೆ ಸಿಕ್ಕಿ ರೂಪ ಬದಲಿಸಿತು. ಅಲ್ಲಿನ ಪಡೆಗಳು ಜಿ ಶ್ರುತಿಯ ಬ್ಯೂಗಲ್ಲಿಗೆ ಒಂದು ಪಿಸ್ಟನ್ ಜೋಡಿಸಿಕೊಂಡವು. ಬೆರಳಿನಿಂದ ಒತ್ತಿದಾಗ ಉಸಿರನ್ನು ಹೆಚ್ಚುವರಿ ಕೊಳವೆಯೊಳಗೆ ಹಾಯಿಸುವ ಈ ಕವಾಟ, ಆಧಾರಸ್ವರವನ್ನು ಮಂದ್ರಪಂಚಮಕ್ಕೆ ಇಳಿಸುತ್ತಿದ್ದುದರಿಂದ ಚತುಶ್ರುತಿ ರಿಷಭವೂ ಕಾಕಲಿ ನಿಷಾದವೂ ಕೈಗೆ ಬಂದವು. ಆದರೂ ಮಧ್ಯಮ, ಧೈವತಗಳು ಸಿಗಲಿಲ್ಲ. ಮುಂದೆ ಅರ್ಧಸ್ವರ ಇಳಿಸುವ ತಿರುಗುಕವಾಟ ಸೇರಿತು, ಪಿಸ್ಟನ್ನಿನ ಕೊಳವೆಯ ಉದ್ದ ಬದಲಾಯಿತು, ಒಂದೊಂದು ಮಾರ್ಪಾಡಿಗೂ ನಿಯಮಾವಳಿಯ ಸಮಿತಿಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಎರಡು ಕವಾಟಗಳಿಗೆ ಒಪ್ಪಿಗೆ ಸಿಕ್ಕಿದ್ದು 1977ರಲ್ಲಿ, ಮೂರಕ್ಕೆ 1990ರಲ್ಲಿ. ಅಂದರೆ ಸಾಮಾನ್ಯ ಟ್ರಂಪೆಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲೇ ದೊರೆತಿದ್ದ ಸ್ವರಸಂಪತ್ತನ್ನು ಈ ಪಡೆಗಳು ಬೇಕೆಂದೇ ದೂರವಿಟ್ಟು, ಕೊರತೆಯೊಳಗೇ ಕಲೆಯನ್ನು ಹುಡುಕಿದವು. ಒಬ್ಬನಿಗೆ ಸಿಗದ ಸ್ವರವನ್ನು ಬೇರೆ ಜೋಡಣೆಯ ಬ್ಯೂಗಲ್ ಹಿಡಿದ ಇನ್ನೊಬ್ಬನಿಗೆ ಹಂಚಿ, ಸೊಪ್ರಾನೊ, ಬ್ಯಾರಿಟೋನ್, 1960ರ ದಶಕದಲ್ಲಿ ಹೆಗಲೇರಿದ ಕಾಂಟ್ರಾಬಾಸ್‌ಗಳ ನಡುವೆ ಒಂದು ರಾಗದೆಳೆಯನ್ನು ಪಾಲುಮಾಡಿ ನುಡಿಸುವ ಜಾಣ್ಮೆ ಹೀಗೆ ಬೆಳೆಯಿತು. ಒಬ್ಬಂಟಿಯಾಗಿ ಇಡೀ ರಾಗವನ್ನು ನುಡಿಸಲಾಗದ ವಾದ್ಯ, ಹುಡುಗರಿಗೆ ಒಗ್ಗಟ್ಟಿನ ಬಗ್ಗೆ ಯಾವ ಭಾಷಣವೂ ಕಲಿಸದಷ್ಟನ್ನು ಕಲಿಸಿರಬೇಕು.

ಡ್ರಮ್ಮಿನ ಕಲಿಕೆಗೆ ಬೇರೆಯೇ ಶಿಸ್ತಿತ್ತು. ಮೃದಂಗದ ವಿದ್ಯಾರ್ಥಿ ಮೊದಲು ಪಾಠಾಕ್ಷರಗಳನ್ನು ಕೈಗೆ ಹತ್ತಿಸಿಕೊಳ್ಳುವಂತೆ, ಸ್ನೇರ್ ಡ್ರಮ್ ಕಲಿಯುವವನು ರೂಡಿಮೆಂಟ್ ಎಂಬ ಮೂಲಪಾಠಗಳನ್ನು, ಅಂದರೆ ಬಲಗೈ ಎಡಗೈಗಳ ನಿಗದಿತ ಹೊಡೆತಗಳ ಸರಣಿಗಳನ್ನು, ಮೊದಲು ತೀರಾ ನಿಧಾನವಾಗಿ, ಬರಬರುತ್ತ ವೇಗವಾಗಿ, ಮತ್ತೆ ನಿಧಾನವಾಗಿ ಬಾರಿಸಿ ಸಾಧಿಸಬೇಕಿತ್ತು. 1933ರಲ್ಲಿ ಲೀಜನ್ ಸಮಾವೇಶಕ್ಕೆಂದು ಶಿಕಾಗೋದಲ್ಲಿ ಸೇರಿದ್ದ ಡ್ರಮ್ ವಾದಕರು ರಾಷ್ಟ್ರೀಯ ರೂಡಿಮೆಂಟಲ್ ಡ್ರಮ್ಮರ್‌ಗಳ ಸಂಘವನ್ನು ಸ್ಥಾಪಿಸಿ, ಹದಿಮೂರು ಅತ್ಯಗತ್ಯ ಪಾಠಗಳು, ಅವುಗಳ ಜೊತೆಗೆ ಇನ್ನೂ ಹದಿಮೂರು, ಒಟ್ಟು 26 ಎಂದು ಪಟ್ಟಿಯನ್ನು ಸ್ಥಿರಗೊಳಿಸಿದರು. ಸ್ಮೃತಿಕಾರರಲ್ಲಿ ಅನೇಕರು ಸ್ವರಲಿಪಿ ಓದಲು ಬಾರದೆಯೇ ಪಡೆಗೆ ಸೇರಿದವರು, ಕೇಳಿ ಕೇಳಿ ಬಾಯಿಪಾಠದಿಂದಲೇ ಕಲಿತವರು. ಡ್ರಮ್ಮು ಸಿಗುವ ಮೊದಲು ರಬ್ಬರಿನ ಹಲಗೆಯ ಮೇಲೆ, ಅದೂ ಇಲ್ಲದಿದ್ದಾಗ ಊಟದ ಮೇಜಿನ ಅಂಚಿನ ಮೇಲೆ ಕೋಲು ಬಡಿದು ಮನೆಯವರ ಸಹನೆಯನ್ನು ಪರೀಕ್ಷಿಸಿದ ಪ್ರಸಂಗ ಈ ನೆನಪುಗಳಲ್ಲಿ ಎಷ್ಟು ಸಲ ಬರುತ್ತದೆಂದರೆ, ಅದನ್ನು ಈ ಪ್ರಕಾರದ ಒಂದು ಕಡ್ಡಾಯ ಅಧ್ಯಾಯವೆನ್ನಬಹುದು.

1930ರಿಂದ 1960ರ ದಶಕದವರೆಗೆ ಈ ಪಡೆಗಳ ನಿಜವಾದ ನೆಲೆ ಕಾರ್ಖಾನೆ ಪಟ್ಟಣಗಳ ಬಡಾವಣೆಗಳು. ನ್ಯೂಜೆರ್ಸಿಯ ಗಾರ್ಫೀಲ್ಡಿನಲ್ಲಿ 1934ರಲ್ಲಿ ಹುಟ್ಟಿ ಮುಂದೆ ಗಾರ್ಫೀಲ್ಡ್ ಕೆಡೆಟ್ಸ್ ಎಂದೂ ಬರೀ ಕೆಡೆಟ್ಸ್ ಎಂದೂ ಹೆಸರಾದ ಹೋಲಿ ನೇಮ್ ಕೆಡೆಟ್ಸ್, ಅದೇ ರಾಜ್ಯದ ಬಯೋನ್‌ನ ಸೇಂಟ್ ವಿನ್ಸೆಂಟ್ಸ್ ಕೆಡೆಟ್ಸ್, ನ್ಯೂವರ್ಕ್‌ನ ಬ್ಲೆಸ್ಡ್ ಸ್ಯಾಕ್ರಮೆಂಟ್ ಗೋಲ್ಡನ್ ನೈಟ್ಸ್, ಬಾಸ್ಟನ್ನಿನ ಡಾರ್ಚೆಸ್ಟರ್ ಭಾಗದ ಸೇಂಟ್ ಕೆವಿನ್ಸ್ ಎಮರಲ್ಡ್ ನೈಟ್ಸ್ ಮುಂತಾದ ಹೆಸರುಗಳೇ ಹೇಳುವಂತೆ ಪೂರ್ವ ಕರಾವಳಿಯಲ್ಲಿ ಕ್ಯಾಥೊಲಿಕ್ ಚರ್ಚುಗಳ ಪ್ಯಾರಿಷ್‌ಗಳು, ಅಂದರೆ ಒಬ್ಬ ಪಾದ್ರಿಯ ಆಡಳಿತಕ್ಕೆ ಸೇರಿದ ನೆರೆಹೊರೆಗಳು, ಪಡೆಗಳನ್ನು ಸಾಕಿದವು. ಲಾಂಗ್ ಐಲೆಂಡಿನ ಹಿಕ್ಸ್‌ವಿಲ್‌ನ ಸೇಂಟ್ ಇಗ್ನೇಶಿಯಸ್ ಗರ್ಲ್ಸ್‌ನಂಥ ಹುಡುಗಿಯರದೇ ಪಡೆಗಳೂ ಇದ್ದವು. ಒಳನಾಡಿನಲ್ಲಿ ಬಾಯ್ ಸ್ಕೌಟ್ ಸಂಸ್ಥೆ ಈ ಹೊಣೆ ಹೊತ್ತಿತು: ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಸ್ಕೌಟ್ಸ್ 1938ರಲ್ಲೂ, ಶಿಕಾಗೋದ ಒಂದು ಸ್ಕೌಟ್ ದಳದಿಂದ ಡಾನ್ ವಾರೆನ್ ಕಟ್ಟಿದ ಕ್ಯಾವಲಿಯರ್ಸ್ 1948ರಲ್ಲೂ ಹುಟ್ಟಿದವು. ಹಣಕ್ಕೆ ದಾರಿ ಸರಳವಾಗಿತ್ತು. ಪೋಸ್ಟಿನ ಕಾಣಿಕೆ, ಮೆರವಣಿಗೆಗೆ ಸಿಗುವ ಸಂಭಾವನೆ, ತಾಯಂದಿರು ಮಾರುವ ತಿಂಡಿ, ಮತ್ತೆ ಎಲ್ಲಕ್ಕಿಂತ ಮಿಗಿಲಾಗಿ ಬಿಂಗೊ ಎಂಬ, ಅಂಕಿಗಳನ್ನು ಹೊಂದಿಸುವ ಪಣದಾಟದ ಸಂಜೆಗಳು ವಾದ್ಯಗಳನ್ನೂ ಸಮವಸ್ತ್ರವನ್ನೂ ಕೊಂಡುಕೊಟ್ಟವು. ಮಗುವೊಂದು ಸೇರಲು ಬೇಕಾದದ್ದು ಮನೆಯಿಂದ ಅಭ್ಯಾಸದ ಸ್ಥಳಕ್ಕೆ ನಡೆದು ಬರುವಷ್ಟು ಕಾಲಿನ ಬಲ. ಸಂಗೀತದ ಖಾಸಗಿ ಪಾಠ ಕನಸಿನಲ್ಲೂ ಬಾರದ ಕುಟುಂಬಗಳ ಮಕ್ಕಳಿಗೆ, ಐರಿಷ್, ಇಟಾಲಿಯನ್, ಪೋಲಿಷ್ ವಲಸೆಗಾರರ ಮೊಮ್ಮಕ್ಕಳಿಗೆ, ಪಡೆಯೇ ಸಂಗೀತ ಶಾಲೆ.

ಅಂದಿನ ಸ್ಪರ್ಧೆಯ ವಿಧಿಗಳಲ್ಲಿ ಕವಾಯತಿನ ಗುರುತು ಎದ್ದು ಕಾಣುತ್ತಿತ್ತು. ಪಡೆ ಮೈದಾನಕ್ಕಿಳಿಯುವ ಮೊದಲೇ ತಪಾಸಣೆ. ನಿರ್ಣಾಯಕರು ಸಾಲಿನುದ್ದಕ್ಕೂ ನಡೆದು ಬೂಟಿನ ಹೊಳಪು, ಗುಂಡಿ, ಟೊಪ್ಪಿಗೆಯ ಪಟ್ಟಿಗಳನ್ನು ಪರೀಕ್ಷಿಸುತ್ತಿದ್ದರು. ಪ್ರದರ್ಶನ ಮೈದಾನದ ಒಂದು ತುದಿಯ ಗೆರೆಯಿಂದ ಹೊರಟು ಇನ್ನೊಂದು ತುದಿಯಲ್ಲಿ ಮುಗಿಯಬೇಕು, ಸಮಯಪಾಲನೆಗೆ ಪಿಸ್ತೂಲಿನ ಸದ್ದು, ನಡುವೆ ಒಂದು ಘಟ್ಟದಲ್ಲಿ ರಾಷ್ಟ್ರಧ್ವಜಕ್ಕೆ ಗೌರವ ಸಲ್ಲಿಸುವುದು ಕಡ್ಡಾಯ, ಧ್ವಜ ನೆಲಕ್ಕೆ ತಾಗಿದರೆ ದಂಡ. ಕಲರ್ ಗಾರ್ಡ್ ಎಂಬ ಅಂಗ ಹುಟ್ಟಿದ್ದು ಈ ಧ್ವಜಕ್ಕೆ ಬಂದೂಕು ಕತ್ತಿಗಳ ಕಾವಲಾಗಿ. ಇಂದು ಅದೇ ಅಂಗ ಬಣ್ಣದ ಬಾವುಟಗಳನ್ನು ಬೀಸಿ ನರ್ತಿಸುವ ತಂಡವಾಗಿದೆ. ಅಂಕ ನೀಡುವ ಕ್ರಮವನ್ನು ಟಿಕ್ ಪದ್ಧತಿ ಎನ್ನುತ್ತಿದ್ದರು. ಪೂರ್ಣಾಂಕದಿಂದ ಆರಂಭಿಸಿ, ಕಾಗದದ ಹಲಗೆ ಹಿಡಿದ ನಿರ್ಣಾಯಕರು ವಾದಕರ ನಡುವೆಯೇ ಓಡಾಡುತ್ತ, ತಪ್ಪಿದ ಹೆಜ್ಜೆ, ಒಡೆದ ಸ್ವರ, ಜೊತೆಗೂಡದ ಹೊಡೆತ ಒಂದೊಂದಕ್ಕೂ ಗೀಟೆಳೆದು ಒಂದು ಅಂಕದ ಹತ್ತನೆಯ ಒಂದು ಭಾಗವನ್ನು ಕಳೆಯುತ್ತಿದ್ದರು. ಏನನ್ನು ಮಾಡಿದಿರಿ ಎಂಬುದಕ್ಕಿಂತ ಎಲ್ಲಿ ಎಡವಿದಿರಿ ಎಂಬುದನ್ನೇ ಎಣಿಸುವ ಈ ಪದ್ಧತಿಯು ಸಾಹಸದ ಸಂಯೋಜನೆಗಳನ್ನು ತಡೆದದ್ದು ನಿಜ. ಹಾಗಿದ್ದರೂ ಹಳಬರಲ್ಲಿ ಬಹುಮಂದಿ ಅದನ್ನು ಪ್ರೀತಿಯಿಂದಲೇ ನೆನೆಯುತ್ತಾರೆ. ಕಿವಿಯ ಪಕ್ಕದಲ್ಲಿ ಬಂದು ನಿಂತ ಪೆನ್ಸಿಲ್ಲಿಗೆ ಕೆಲಸ ಕೊಡದೆ ದಾಟಿದ ಎಂಟು ಮಾತ್ರೆಗಳನ್ನು ಅವರು ಐವತ್ತು ವರ್ಷಗಳ ನಂತರವೂ ಮರೆತಿಲ್ಲ.

ಹೆಜ್ಜೆಯ ಗಣಿತ ಈ ಕಲೆಯ ಬುನಾದಿ. ಐದು ಗಜದ ದೂರವನ್ನು ಎಂಟು ಹೆಜ್ಜೆಗಳಲ್ಲಿ ದಾಟುವುದು ಸಾಮಾನ್ಯ ಅಳತೆ, ಅಂದರೆ ಒಂದು ಹೆಜ್ಜೆಗೆ ಇಪ್ಪತ್ತೆರಡೂವರೆ ಅಂಗುಲ. ಎತ್ತರದವನಿಗೂ ಕುಳ್ಳನಿಗೂ ಇದೇ ಅಳತೆ. ಆದ್ದರಿಂದ ಮೊದಲ ವಾರಗಳೆಲ್ಲ ಸ್ವಂತ ನಡಿಗೆಯನ್ನು ಮರೆಯುವುದಕ್ಕೇ ಮೀಸಲು. ಸೊಂಟದಿಂದ ಕೆಳಗೆ ಕಾಲು ಯಾವ ದಿಕ್ಕಿಗೆ ಓಡುತ್ತಿದ್ದರೂ ಎದೆ, ಹೆಗಲು, ವಾದ್ಯ ಪ್ರೇಕ್ಷಕರ ಕಡೆಗೇ ತಿರುಗಿರಬೇಕು ಮತ್ತು ಅಲುಗದಿರಬೇಕು, ಏಕೆಂದರೆ ಹಿಮ್ಮಡಿಯ ಏಟು ಶ್ವಾಸಕ್ಕೆ ತಾಗಿದರೆ ಸ್ವರ ನಡುಗುತ್ತದೆ. ಮೈದಾನದ ಮೇಲೆ ಒಬ್ಬೊಬ್ಬನೂ ಇಂಥ ಮಾತ್ರೆಗೆ ಇಂಥಲ್ಲಿ ನಿಲ್ಲಬೇಕೆಂಬ ಸ್ಥಾನಗಳನ್ನು ಡಾಟ್ ಎನ್ನುತ್ತಾರೆ. ಬಿಳಿಗೆರೆಯಿಂದ ಎಷ್ಟು ಹೆಜ್ಜೆ ಪಕ್ಕಕ್ಕೆ, ಎಷ್ಟು ಹೆಜ್ಜೆ ಹಿಂದಕ್ಕೆ ಎಂದು ಬರೆದ ಅಂಥ ಸ್ಥಾನಗಳ ಪಟ್ಟಿ ಪ್ರತಿಯೊಬ್ಬನ ಕೊರಳಲ್ಲೋ ಕಿಸೆಯಲ್ಲೋ ಇರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಶಬ್ದದ ವೇಗದ್ದು. ಮೈದಾನದ ಉದ್ದ ನೂರು ಗಜ, ಸುಮಾರು 91 ಮೀಟರ್. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರಿನಷ್ಟು ಚಲಿಸುವ ಶಬ್ದಕ್ಕೆ ಈ ದೂರ ದಾಟಲು ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚೇ ಬೇಕು. ನಿಮಿಷಕ್ಕೆ 180 ಮಾತ್ರೆಗಳ ಕಾಲಪ್ರಮಾಣದಲ್ಲಿ ಇದು ಮುಕ್ಕಾಲು ಮಾತ್ರೆಗೂ ಮಿಗಿಲು. ಹಾಗಾಗಿ ಒಂದು ಮೂಲೆಯಲ್ಲಿರುವವನು ಇನ್ನೊಂದು ಮೂಲೆಯ ವಾದ್ಯ ಕೇಳಿ ಜೊತೆಗೂಡಲು ಹೋದರೆ, ಪ್ರೇಕ್ಷಕರ ಕಿವಿಗೆ ತಲುಪುವುದು ಕಲಸಿಹೋದ ಸದ್ದು. ಪರಿಹಾರವೆಂದರೆ ಮುಂದೆ ನಿಂತವರು ಕಿವಿಯನ್ನು ನಂಬದೆ ಕಣ್ಣನ್ನು ನಂಬುವುದು, ಡ್ರಮ್ ಮೇಜರ್ ಎಂಬ ನಿರ್ದೇಶಕನ ಕೈಯನ್ನು ನೋಡುತ್ತ ನುಡಿಸುವುದು. ಡ್ರಮ್ಮುಗಳು ಹಿಂಬದಿಯಲ್ಲಿದ್ದಾಗ ಮಾತ್ರ ಅವುಗಳ ಸದ್ದು ತಮ್ಮನ್ನು ತಲುಪಿದ ಕ್ಷಣಕ್ಕೆ ತಮ್ಮ ಸ್ವರವನ್ನು ಕೂಡಿಸುವುದು, ಆಗ ಎರಡೂ ಒಟ್ಟಿಗೇ ಪ್ರೇಕ್ಷಕರ ಕಡೆಗೆ ಸಾಗುತ್ತವೆ. ಕೇಳಿಸುತ್ತಿರುವುದನ್ನು ಬೇಕೆಂದೇ ಕಡೆಗಣಿಸುವ ಈ ವಿದ್ಯೆ ಸಂಗೀತದ ಬೇರೆ ಯಾವ ಪಾಠಶಾಲೆಯಲ್ಲೂ ಇಷ್ಟು ಕಟ್ಟುನಿಟ್ಟಾಗಿ ಸಿಗುವುದು ವಿರಳ.

ಬೇಸಿಗೆಯ ಪ್ರವಾಸಕ್ಕೆ ಅಲ್ಲಿನ ಬಳಕೆಯಲ್ಲಿ ಟೂರ್ ಎಂಬ ಒಂದೇ ಮಾತು ಸಾಕು. ಇಂದಿನ ದೊಡ್ಡ ಪಡೆಗಳಲ್ಲಿ ಮೇ ತಿಂಗಳ ಕೊನೆಯ ವೇಳೆಗೆ ಎಲ್ಲರೂ ಒಂದೆಡೆ ಸೇರಿ ದಿನವಿಡೀ ತಾಲೀಮು ನಡೆಸುತ್ತಾರೆ. ಜೂನ್ ಕೊನೆಯಿಂದ ಆಗಸ್ಟ್ ಎರಡನೆಯ ವಾರದವರೆಗೆ ಬಸ್ಸುಗಳಲ್ಲಿ ಸಾವಿರಾರು ಮೈಲಿ ಸುತ್ತುತ್ತಾರೆ. ರಾತ್ರಿ ಪ್ರದರ್ಶನ ಮುಗಿಸಿ ಬಸ್ಸು ಹತ್ತುವುದು, ಕುಳಿತ ಭಂಗಿಯಲ್ಲೇ ನಿದ್ರಿಸುವುದು, ನಸುಕಿನಲ್ಲಿ ಹೆಸರು ತಿಳಿಯದ ಊರಿನ ಶಾಲೆಯ ಜಿಮ್ನೇಷಿಯಂ ಸೇರಿ ಮರದ ನೆಲದ ಮೇಲೆ ಮಲಗುಚೀಲ ಬಿಡಿಸುವುದು, ಕೆಲವು ಗಂಟೆಗಳ ನಂತರ ಎದ್ದು, ಅಡುಗೆಮನೆಯಾಗಿ ಮಾರ್ಪಟ್ಟ ಲಾರಿಯ ಮುಂದೆ ಸಾಲು ನಿಂತು ತಿಂದು, ಬಿಸಿಲಿಗೆ ಇಳಿಯುವುದು, ಇದು ದಿನಚರಿ. ಬಡಿಸುವವರು ಸಾಮಾನ್ಯವಾಗಿ ಸಂಬಳವಿಲ್ಲದ ಸ್ವಯಂಸೇವಕರು, ಹೆಚ್ಚಿನವರು ತಂದೆತಾಯಿಗಳು. ಪ್ರದರ್ಶನ ಹನ್ನೆರಡು ನಿಮಿಷಗಳ ಆಸುಪಾಸಿನದು. ಅದಕ್ಕಾಗಿ ದಿನಕ್ಕೆ ಹತ್ತು ಹನ್ನೆರಡು ಗಂಟೆಗಳ ಅಭ್ಯಾಸ. ಸಂಗೀತಕ್ಕೆ ಇಷ್ಟು ಬೆವರು ಬೇಕೇ ಎಂಬ ಪ್ರಶ್ನೆ ಹೊರಗಿನವರಿಗೆ ಏಳುವುದು ಸಹಜ. ಒಳಗಿದ್ದವರ ನೆನಪುಗಳು ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಒಂದೇ ಎಂಟು ಮಾತ್ರೆಯ ತುಣುಕನ್ನು ನಲವತ್ತನೆಯ ಬಾರಿ ಮಾಡುವಾಗ ಪಕ್ಕದವನು ಬೇಸರಿಸದಿದ್ದುದು ಅವುಗಳಿಗೆ ಹೆಚ್ಚು ಮುಖ್ಯ.

ಅರವತ್ತರ ದಶಕದ ಕೊನೆಗೆ ಮಾಜಿ ಸೈನಿಕರ ಸಂಘಗಳಿಗೂ ಪಡೆಗಳಿಗೂ ನಡುವಿನ ಸಂಬಂಧ ಹದಗೆಟ್ಟಿತು. ನಿಯಮ, ನಿರ್ಣಾಯಕರ ಆಯ್ಕೆ, ಬಹುಮಾನದ ಹಣ ಎಲ್ಲವೂ ಸಂಘಗಳ ಕೈಯಲ್ಲಿದ್ದುದು ಒಂದು ಕಾರಣ. ವಿಯೆಟ್ನಾಂ ಯುದ್ಧ ತಂದ ತಲೆಮಾರುಗಳ ಬಿರುಕು ಇನ್ನೊಂದು. ಪಡೆಗಳ ಹಿರಿಯ ಹುಡುಗರು ಕಡ್ಡಾಯ ಸೇನಾಭರ್ತಿಗೆ ಸಿಕ್ಕಿ ಸಾಲಿನಿಂದ ಮಾಯವಾಗುತ್ತಿದ್ದ ಆ ವರ್ಷಗಳಲ್ಲಿ, 1971ರಲ್ಲಿ, ಗಾರ್ಫೀಲ್ಡ್ ಕೆಡೆಟ್ಸ್ ಪಡೆ ಯುದ್ಧ ಸಾಕು ಎಂಬ ಆಶಯದ ಪ್ರದರ್ಶನ ರೂಪಿಸಿ ಮೈದಾನದ ಮೇಲೆ ಶಾಂತಿಚಿಹ್ನೆಯನ್ನು ರಚಿಸಿತು. ಅದೇ ವರ್ಷ ಮ್ಯಾಡಿಸನ್ ಸ್ಕೌಟ್ಸ್ ಆಲಿಸ್ ಇನ್ ವಂಡರ್‌ಲ್ಯಾಂಡ್ ಕಥೆಯನ್ನು, ಕ್ಯಾವಲಿಯರ್ಸ್ ಸರ್ಕಸ್ಸನ್ನು ವಸ್ತುವಾಗಿಸಿಕೊಂಡವು. ಬೂಟಿನ ಹೊಳಪನ್ನು ಅಳೆಯುವ ನಿಯಮಾವಳಿಗೆ ಇಂಥ ಕಲ್ಪನೆಗಳನ್ನು ಅಳೆಯುವ ಕೋಲು ಇರಲಿಲ್ಲ. ಬ್ಲೂ ಸ್ಟಾರ್ಸ್, ಕ್ಯಾವಲಿಯರ್ಸ್, ಮ್ಯಾಡಿಸನ್ ಸ್ಕೌಟ್ಸ್, ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ವ್ಯಾನ್‌ಗಾರ್ಡ್, ವಯೋಮಿಂಗ್ ರಾಜ್ಯದ ಕ್ಯಾಸ್ಪರಿನ ಟ್ರೂಪರ್ಸ್ ಎಂಬ ಐದು ಪಡೆಗಳು ಒಂದು ಕೂಟ ಕಟ್ಟಿದವು, ಪೂರ್ವ ಕರಾವಳಿಯವೂ ಅಂಥದೇ ಇನ್ನೊಂದನ್ನು ಕಟ್ಟಿದವು. ಇವೆರಡರ ಒಡನಾಟದಿಂದ ಮೂಡಿದ ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಸಂಕ್ಷೇಪದಲ್ಲಿ ಡಿಸಿಐ, 1972ರ ಆಗಸ್ಟ್‌ನಲ್ಲಿ ವಿಸ್ಕಾನ್ಸಿನ್ನಿನ ವೈಟ್‌ವಾಟರ್ ಎಂಬ ಚಿಕ್ಕ ವಿಶ್ವವಿದ್ಯಾಲಯ ಪಟ್ಟಣದಲ್ಲಿ ತನ್ನ ಮೊದಲ ಚಾಂಪಿಯನ್‌ಷಿಪ್ ನಡೆಸಿತು. ಕ್ಯಾಲಿಫೋರ್ನಿಯಾದ ಅನಾಹೈಮ್ ಕಿಂಗ್ಸ್‌ಮೆನ್ ಗೆದ್ದರು. ಫೈನಲ್ ತಲುಪಿದ ಹನ್ನೆರಡು ಪಡೆಗಳಿಗೇ ನಿಯಮ ರೂಪಿಸುವ ಮತಾಧಿಕಾರ ದೊರೆತದ್ದು ಈ ವ್ಯವಸ್ಥೆಯ ತಿರುಳು.

ಮುಂದಿನ ಎರಡು ದಶಕಗಳನ್ನು ಈ ಕಲೆಯ ವಸಂತವೆಂದು ಅದರ ಅಭಿಮಾನಿಗಳು ಭಾವಿಸುತ್ತಾರೆ, ಅದರಲ್ಲಿ ಅತಿಶಯವೇನಿಲ್ಲ. ಹತ್ತೊಂಬತ್ತನೆಯ ಶತಮಾನದ ಅಶ್ವದಳದ ನೀಲಿ ಅಂಗಿ ತೊಟ್ಟು ಸೂರ್ಯಕಿರಣದಂತೆ ಹರಡುವ ವ್ಯೂಹವನ್ನು ಪ್ರಸಿದ್ಧಗೊಳಿಸಿದ ಟ್ರೂಪರ್ಸ್, ಫಿಡ್ಲರ್ ಆನ್ ದ ರೂಫ್ ನಾಟಕದ ಸೀಸೆನೃತ್ಯವನ್ನು ಹುಲ್ಲಿನ ಮೇಲೆ ತಂದ ಸ್ಯಾಂಟಾ ಕ್ಲಾರಾ, 1976ರಲ್ಲಿ ಮೊದಲ ಬಾರಿಗೆ ಗೆದ್ದು ಜಾಝ್ ಶೈಲಿಯಿಂದ ಎಲ್ಲರನ್ನೂ ಬೆರಗುಗೊಳಿಸಿದ ಕಾಂಕರ್ಡ್‌ನ ಬ್ಲೂ ಡೆವಿಲ್ಸ್, 1980ರ ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನುಡಿಸಿದ ಮ್ಯಾಸಚೂಸೆಟ್ಸ್‌ನ ಇಪ್ಪತ್ತೇಳನೇ ಲ್ಯಾನ್ಸರ್ಸ್, ಇವರೆಲ್ಲ ಆ ಕಾಲದವರು. ಎಡಬಲಗಳು ಕನ್ನಡಿಯ ಬಿಂಬದಂತೆ ಹೊಂದಬೇಕೆಂಬ ಕವಾಯತಿನ ನಂಬಿಕೆಯನ್ನು ಜಾರ್ಜ್ ಜಿಂಗಾಲಿ ಎಂಬ ವಿನ್ಯಾಸಕಾರ ಮುರಿದು, ನಿಲ್ಲದೆ ಹರಿಯುವ ಅಸಮ ರೇಖೆಗಳನ್ನು ಗಾರ್ಫೀಲ್ಡ್ ಕೆಡೆಟ್ಸ್‌ಗೆ ಬರೆದುಕೊಟ್ಟರು. ಆ ಪಡೆ 1983ರಿಂದ 1985ರವರೆಗೆ ಸತತ ಮೂರು ಬಾರಿ ಗೆದ್ದಿತು. 1984ರಲ್ಲಿ ಟಿಕ್ ಪದ್ಧತಿ ಸಂಪೂರ್ಣವಾಗಿ ಹೊರಟುಹೋಗಿ, ತಪ್ಪನ್ನು ಕಳೆಯುವ ಬದಲು ಸಾಧನೆಯನ್ನು ಕೂಡಿಸುವ ಕ್ರಮ ಬಂದದ್ದರಿಂದ ಇಂಥ ಧೈರ್ಯಕ್ಕೆ ಬೆಲೆ ಸಿಕ್ಕಿತು. 1985ರಲ್ಲಿ ಮೈದಾನಕ್ಕಿಳಿದ ಸ್ಟಾರ್ ಆಫ್ ಇಂಡಿಯಾನಾ, ಬಿಲ್ ಕುಕ್ ಎಂಬ ಉದ್ಯಮಿಯ ಬೆಂಬಲದಿಂದ 1991ರಲ್ಲಿ ಗೆದ್ದು, 1993ರಲ್ಲಿ ಕಠೋರ ಆಧುನಿಕ ಸಂಗೀತದ ಪ್ರದರ್ಶನವೊಂದನ್ನು ಕೊಟ್ಟು ಕೆಡೆಟ್ಸ್‌ಗೆ 97.3ಕ್ಕೆ 97.4 ಎಂಬಷ್ಟು ಕೂದಲೆಳೆಯಲ್ಲಿ ಸೋತು, ಆ ವರ್ಷವೇ ಸ್ಪರ್ಧೆಯನ್ನು ಬಿಟ್ಟಿತು. ಅದರ ಮುಂದುವರಿಕೆಯಾದ ಬ್ಲಾಸ್ಟ್ ಎಂಬ ರಂಗಪ್ರದರ್ಶನ ಲಂಡನ್ನಿನಿಂದ ಬ್ರಾಡ್‌ವೇಗೆ ಹೋಗಿ 2001ರ ಟೋನಿ ಪ್ರಶಸ್ತಿಯನ್ನೂ ಪಡೆಯಿತು.

ಈ ಏಳಿಗೆಯ ಬೆಲೆಯನ್ನು ತೆತ್ತದ್ದು ಬಡಾವಣೆಯ ಪಡೆಗಳು. ರಾಷ್ಟ್ರವ್ಯಾಪಿ ಪ್ರವಾಸವಿಲ್ಲದೆ ಗೆಲುವಿಲ್ಲ ಎಂದಾದಾಗ, 1973ರ ತೈಲ ಬಿಕ್ಕಟ್ಟಿನ ನಂತರ ಬಸ್ಸಿನ ಖರ್ಚನ್ನೂ ಏರುತ್ತಿದ್ದ ವಿಮೆಯ ಕಂತನ್ನೂ ಬಿಂಗೊ ಸಂಜೆಗಳು ಭರಿಸಲಾರದಾದವು. ಪ್ಯಾರಿಷ್‌ಗಳ ಕುಟುಂಬಗಳು ಹೊರವಲಯದ ಹೊಸ ಬಡಾವಣೆಗಳಿಗೆ ಚದುರಿದವು, ಶಾಲಾ ಬ್ಯಾಂಡುಗಳು ಪಡೆಗಳ ಶೈಲಿಯನ್ನೇ ಎತ್ತಿಕೊಂಡು ಮಕ್ಕಳನ್ನು ಅಲ್ಲೇ ಹಿಡಿದಿಟ್ಟವು. ದೇಶದಾದ್ಯಂತ ನೂರಾರು ಇದ್ದ ಜೂನಿಯರ್ ಪಡೆಗಳು ಕೆಲವು ಡಜನ್‌ಗಳಿಗೆ ಇಳಿದವು. ಉಳಿದವು ಬೆಳೆದವು: ಒಂದು ಕಾಲಕ್ಕೆ 128 ಸದಸ್ಯರ ಮಿತಿಯಿದ್ದದ್ದು 135ಕ್ಕೆ, 150ಕ್ಕೆ, ಅದರಾಚೆಗೂ ಏರಿತು, 2000ದಿಂದ ಯಾವ ಶ್ರುತಿಯ ಹಿತ್ತಾಳೆ ವಾದ್ಯಕ್ಕಾದರೂ ಅನುಮತಿ ದೊರೆತು ಜಿ ಬ್ಯೂಗಲ್ ಪಕ್ಕಕ್ಕೆ ಸರಿಯಿತು, 2004ರಲ್ಲಿ ಧ್ವನಿವರ್ಧಕ, 2009ರಲ್ಲಿ ಸಿಂಥಸೈಜರ್ ಬಂದವು, ಫೈನಲ್ 2009ರಿಂದ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಕ್ರೀಡಾಂಗಣದ ಮಾಡಿನಡಿಗೆ ಸೇರಿತು. ಸೇರಬಯಸುವವರು ಇಂದು ದೂರದ ರಾಜ್ಯಗಳಿಂದ ಆಯ್ಕೆ ಪರೀಕ್ಷೆಗೆ ಬರುತ್ತಾರೆ, ಅವರಲ್ಲಿ ಅನೇಕರು ಕಾಲೇಜಿನಲ್ಲಿ ಸಂಗೀತವನ್ನೇ ಅಭ್ಯಾಸ ಮಾಡುವವರು, ಒಂದು ಬೇಸಿಗೆಗೆ ಸಾವಿರಾರು ಡಾಲರ್ ಶುಲ್ಕ ಕೊಡಬಲ್ಲವರು ಅಥವಾ ಹೇಗಾದರೂ ಹೊಂದಿಸಬಲ್ಲವರು. ನುಡಿಸಾಣಿಕೆಯ ಮಟ್ಟದಲ್ಲಿ ಇವರಿಗೂ 1950ರ ದಶಕದ ಹುಡುಗರಿಗೂ ಹೋಲಿಕೆಯೇ ಇಲ್ಲ, ಇಂದಿನವರು ಬಹಳ ಮುಂದೆ. ಆದರೆ ಸಂಗೀತ ಬಾರದ ಮಗುವೊಂದು ಬರಿಗೈಯಲ್ಲಿ ಬಂದು ನಿಲ್ಲಬಹುದಾಗಿದ್ದ ಬಾಗಿಲು ಮುಚ್ಚಿದೆ, ಮತ್ತು ಹೊಸ ಕಲೆಯ ಹೊಗಳುಭಟರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಹಳಬರು ಧ್ವನಿವರ್ಧಕದ ಮೇಲೆ ಹರಿಹಾಯುವುದನ್ನು ಬರೀ ಮುದಿತನದ ಗೊಣಗಾಟವೆಂದು ತಳ್ಳಿಹಾಕುವುದು ಸುಲಭ; ಅವರ ಸಿಟ್ಟಿನ ಗುರಿ ತಪ್ಪಿದ್ದರೂ ಕಾರಣ ತಪ್ಪಿದ್ದಲ್ಲ.

ನೆನಪನ್ನು ಉಳಿಸಿಕೊಳ್ಳುವ ಕೆಲಸವನ್ನು ಈ ಸಮುದಾಯ ಬಹಳ ಹಿಂದೆಯೇ ಆರಂಭಿಸಿತ್ತು. ಮ್ಯಾಸಚೂಸೆಟ್ಸ್‌ನ ರಿವೀರ್ ಪಟ್ಟಣದ ಫ್ಲೀಟ್‌ವುಡ್ ಎಂಬ ಧ್ವನಿಮುದ್ರಣ ಸಂಸ್ಥೆ ಸ್ಪರ್ಧೆಗಳನ್ನು ಗ್ರಾಮಫೋನ್ ತಟ್ಟೆಗಳಾಗಿ ಹೊರತಂದಿತು. 1970ರ ದಶಕದ ನಡುವಿನಿಂದ ಸಾರ್ವಜನಿಕ ದೂರದರ್ಶನ ಫೈನಲ್‌ಗಳನ್ನು ಬಿತ್ತರಿಸಿತು. ನಿಂತುಹೋದ ಪಡೆಗಳ ಹಳೆಯ ಸದಸ್ಯರು ಅಲಮ್ನಿ ಕೋರ್ ಎಂಬ ಮರುಕೂಟಗಳನ್ನು ಕಟ್ಟಿ, ನರೆತ ತಲೆಯ ಮೇಲೆ ಮತ್ತೆ ಟೊಪ್ಪಿಗೆಯಿಟ್ಟು, ಐವತ್ತು ವರ್ಷ ಹಿಂದಿನ ಸಂಯೋಜನೆಗಳನ್ನು ನುಡಿಸುತ್ತಾರೆ. ಹಾಗೆಂದು ನೆನಪೆಲ್ಲ ಸಿಹಿಯೇ ಆಗಿರಬೇಕಿಲ್ಲ. ಹದಿಹರೆಯದವರು ವಾರಗಟ್ಟಲೆ ಮನೆಯಿಂದ ದೂರವಿದ್ದು ಹಿರಿಯರ ಅಧಿಕಾರಕ್ಕೆ ಪೂರ್ತಿಯಾಗಿ ಒಳಪಡುವ ವ್ಯವಸ್ಥೆಯಲ್ಲಿ ಅಡಗಿದ್ದ ಅಪಾಯ ಇತ್ತೀಚಿನ ವರ್ಷಗಳಲ್ಲಷ್ಟೇ ಬಹಿರಂಗ ಚರ್ಚೆಗೆ ಬಂತು. ಒಂಬತ್ತು ದಶಕಗಳ ಕಾಲ ನಡೆದ ಕೆಡೆಟ್ಸ್ ಪಡೆ, ದಶಕಗಳ ಹಿಂದಿನ ಲೈಂಗಿಕ ದೌರ್ಜನ್ಯದ ಆರೋಪಕ್ಕೆ ಸಂಬಂಧಿಸಿದ ಮೊಕದ್ದಮೆಯ ಆರ್ಥಿಕ ಭಾರದ ನಡುವೆ 2024ರಲ್ಲಿ ಮುಚ್ಚಿತು. ಅದೇ ಪಡೆಯಲ್ಲಿ ತಮ್ಮ ಬಾಳಿನ ಅತ್ಯುತ್ತಮ ಬೇಸಿಗೆಗಳನ್ನು ಕಳೆದವರಿಗೆ ಈಗ ಎರಡು ಬಗೆಯ ನೆನಪುಗಳನ್ನೂ ಒಟ್ಟಿಗೆ ಹೊರಬೇಕಾಗಿದೆ. ಒಂದನ್ನು ಮುಂದಿಟ್ಟು ಇನ್ನೊಂದನ್ನು ಅಳಿಸುವ ಬರಹಗಳು ನಂಬಿಕೆಗೆ ಅರ್ಹವಾಗುವುದಿಲ್ಲ.

ಪಡೆಗಳ ಬದುಕು ಮಾತ್ರ ನಿಂತಿಲ್ಲ. 1940ರಲ್ಲಿ ಹುಟ್ಟಿ ಡಿಸಿಐ ಪ್ರಶಸ್ತಿಯನ್ನು ಒಮ್ಮೆಯೂ ಕಾಣದಿದ್ದ ಬಾಸ್ಟನ್ ಕ್ರುಸೇಡರ್ಸ್ 2025ರಲ್ಲಿ ಅದನ್ನು ಮೊದಲ ಬಾರಿಗೆ ಗೆದ್ದಿತು. ವಯೋಮಿತಿ ದಾಟಿದವರಿಗೂ ಅವಕಾಶವಿರುವ ಸರ್ವವಯಸ್ಕರ ಪಡೆಗಳ ವಿಭಾಗ 2024ರಿಂದ ಡಿಸಿಐ ಆಶ್ರಯದಲ್ಲೇ ನಡೆಯುತ್ತಿದೆ. 1972ರ ಮೊದಲ ವಿಜೇತರಾದ ಅನಾಹೈಮ್ ಕಿಂಗ್ಸ್‌ಮೆನ್ ಹಲವು ದಶಕಗಳ ಹಿಂದೆಯೇ ಇಲ್ಲವಾದರೂ, ಅದರ ಹಳೆಯ ಸದಸ್ಯರು 2007ರಲ್ಲಿ ಪಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಚಾಂಪಿಯನ್‌ಷಿಪ್ ನಡೆದಾಗ ಮರುಕೂಟ ಕಟ್ಟಿ ಮೈದಾನಕ್ಕಿಳಿದರು. ಇಂಥ ಮರುಕೂಟಗಳಲ್ಲಿ ಬಹಳಷ್ಟು ಈಗಲೂ ಜಿ ಬ್ಯೂಗಲ್ಲನ್ನೇ ಬಯಸುತ್ತವೆ, ಆದರೆ ಅವುಗಳನ್ನು ತಯಾರಿಸುತ್ತಿದ್ದ ಪ್ರಮುಖ ಕಾರ್ಖಾನೆಗಳಲ್ಲೊಂದಾದ, ಅನಾಹೈಮ್ ನಗರದಲ್ಲೇ ಇದ್ದ ಕಾನ್‌ಸ್ಟುಲ್ ಸಂಸ್ಥೆ 2019ರಲ್ಲಿ ಬಾಗಿಲು ಹಾಕಿತು. ಆದ್ದರಿಂದ ಹಳೆಯ ವಾದ್ಯಗಳೇ ಕೈಯಿಂದ ಕೈಗೆ ಮಾರಾಟವಾಗುತ್ತಿವೆ, ತಗ್ಗುಗಳನ್ನು ತಟ್ಟಿ ತೆಗೆದು, ಸವೆದ ಪಿಸ್ಟನ್‌ಗಳನ್ನು ಸರಿಪಡಿಸಿ ಬಳಸಲಾಗುತ್ತಿದೆ.